ತಾವಾಗೇ ಅಂಗಡಿ ಹಚ್ಚಿದವ್ರಿಗೆ ಸಬ್ಸಿಡಿ ಇಲ್ಲಂತ್ರೀ

ಸಂಪಾದಕರಿಗೆ ನಮಸ್ಕಾರ್ರಿ,

ನಾ ಮುಧೋಳ ತಾಲೂಕಿನ ಒಂದ್ ಊರಾಗ ಆನ್‌ಲೈನ್ ಸೆಂಟರ್ ಇಟ್ಕೊಂಡೀನಿ. ಜೆರಾಕ್ಸ್, ಲ್ಯಾಮಿನೇಶನ್, ಫೋಟೋ, ಉತಾರಿ ತಗದು ಕೊಡೋದು, ಜಾತಿ ಆದಾಯದ ಅರ್ಜಿ, ಹುಡುಗ್ರ ಸ್ಕಾಲರ್‌ಶಿಪ್, ಇವೆಲ್ಲಾ ನನ್ನ ಕೆಲಸ. ಸರಕಾರದ ಯಾವುದರ ಹೊಸ ಯೋಜನೆ ಬಂತಂದ್ರ ಮಾರನೇ ದಿನ ಮುಂಜಾನೆ ನಾ ಶಟರ್ ಎತ್ತೋಕ್ಕಿಂತ ಮೊದಲ ಮಂದಿ ಕಟ್ಟಿ ಮ್ಯಾಲ ಕುಂತಿರ್ತಾರ, ಕೈಯಾಗ ನಿಮ್ಮ ಪೇಪರಿನ ತುಂಡು ಇರ್ತೈತಿ. "ಅರ್ಜಿ ಆಹ್ವಾನ" ಅಂತ ಒಳಗಿನ ಪುಟದಾಗ ಬರ್ತೈತಲ್ರೀ, ಅದು. "ಅರ್ಹ ಆಸಕ್ತರು ಅರ್ಜಿ ಸಲ್ಲಿಸಬಹುದು" ಅಂತ ಎರಡ ಸಾಲು, ಕೊನೀ ತಾರೀಖು, ಮುಗೀತು. ಆಸಕ್ತರು ಯಾರು ಅನ್ನೋದು ಎಲ್ಲಾರಿಗೂ ತಿಳಿತೈತಿ, ಊರಾಗ ಎಲ್ಲಾರೂ ಆಸಕ್ತರ. ಅರ್ಹರು ಯಾರು ಅನ್ನೋದು ಮಾತ್ರ ನಾಕ ಸಲ ಜಿಲ್ಲಾ ಕೇಂದ್ರಕ್ಕ ಹೋಗಿ ಬಂದ ಮ್ಯಾಲ ತಿಳಿತೈತಿ. ಈ ಪತ್ರ ಬರಿಯಾಕತ್ತಿದ್ದು ಅದ ಒಂದು ಶಬ್ದದ ಸಲುವಾಗಿ.

ಬ್ಯಾರೇವ್ರ ಕತಿ ಹೇಳೋದಕ್ಕ ಮೊದಲ ನಮ್ಮ ಮನೀದ ಹೇಳ್ತೀನಿ. ನಮ್ಮ ವೈನಿ ರೊಟ್ಟಿ ಮಾಡಿ ಮಾರ್ತಾರ. ನಮ್ಮ ಅಣ್ಣ ತೀರಿಕೊಂಡಿಲ್ಲ ಏನಿಲ್ಲ, ಆರಾಮ ಅದಾನ, ಆದ್ರ ಎರಡೆಕರೆ ಹೊಲದಾಗ ಏನೂ ಹತ್ತೂದಿಲ್ಲ ಅಂತ ವೈನಿ 11 ವರ್ಷದ ಹಿಂದ ಒಂದು ಹಂಚು ಒಂದು ಪರಾತ ಇಟ್ಕೊಂಡು ಚಾಲೂ ಮಾಡಿದ್ರು. ಮೊದಲ ಓಣ್ಯಾಗ ಕುಬಸ, ಜಾವಳ, ಲಗ್ನ ಇದ್ದಾಗ ಬಡದು ಕೊಡ್ತಿದ್ರು, ಆಮ್ಯಾಲ ಒಂದು ಖಾನಾವಳಿಯವ್ರು ಹಿಡದ್ರು, ಆಮ್ಯಾಲ ಪುಣೆಕ ಬೆಂಗಳೂರಿಗೆ ಕೆಲಸಕ್ಕ ಹೋದ ಹುಡುಗ್ರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ ಕಟ್ಟಿಸಿಕೊಂಡು ಹೋಗಾಕ ಹತ್ತಿದ್ರು. ಈಗ ಓಣ್ಯಾಗಿನ ಐದ ಮಂದಿ ಹೆಣ್ಮಕ್ಕಳು ಅವ್ರ ಕಡೆ ಕೆಲಸಕ್ಕ ಬರ್ತಾರ, ಲಗ್ನದ ಸೀಜನ್ದಾಗ ಎಂಟು ಮಂದಿ. ಇಷ್ಟಕ್ಕೂ ಅವ್ರು ಸರಕಾರದ ಒಂದು ರೂಪಾಯಿ ಮುಟ್ಟಿಲ್ರಿ. ಮೊದಲ್ನೇ ಒಲಿ ಗ್ಯಾಸು ತಂದಿದ್ದು ಕಿವ್ಯಾಗಿನ ಬುಗುಡಿ ಒತ್ತಿ ಇಟ್ಟು.

ಹ್ವಾದ ವರ್ಷದ ಹಿಂದಿನ ವರ್ಷ ಅವ್ರ ಬಲಗೈ ರಟ್ಟಿ ಹಿಡಕೊಂಡ ಬಿಡ್ತು. ಡಾಕ್ಟರ್ ಬಡಿಯೋದು ಕಮ್ಮಿ ಮಾಡ್ರಿ ಅಂದ್ರು. ಹಿಟ್ಟು ನಾದೋದು, ರೊಟ್ಟಿ ಒತ್ತೋದು ಎರಡೂ ಮಾಡೋ ಮಷಿನ್ ಬಂದಾವ, ಸುಮಾರು ಮೂರು ಲಕ್ಷದ ಆಸುಪಾಸು. "ಏನೋ ತಮ್ಮಾ, ದಿನಾ ಮಂದೀದು ಹಾಕ್ತೀ, ನಮ್ಮದೊಂದು ಹಾಕೋ" ಅಂದ್ರು ವೈನಿ. ನಂಗೂ ಹುಮ್ಮಸ್ಸು ಬಂತು, ಹಾಕೂಣು ಅಂದೆ. ಅಲ್ಲಿಂದ ಚಾಲೂ ಆತು ನೋಡ್ರಿ.

ಮೊದಲ ನೋಡಿದ್ದು ರಾಜ್ಯ ಸರಕಾರದ್ದು, ಮುಖ್ಯಮಂತ್ರಿಗಳ ಸ್ವ ಉದ್ಯೋಗದ್ದು, ಎಲ್ಲಾರೂ ಸಿಎಂಇಜಿಪಿ ಅಂತಾರಲ್ಲ ಅದು. 10 ಲಕ್ಷದ ತನಕ ಪ್ರಾಜೆಕ್ಟ್, ಜನರಲ್ ಇದ್ರ 25 ಪರ್ಸೆಂಟ್, ಹೆಣ್ಮಕ್ಕಳು, ಎಸ್‌ಸಿ ಎಸ್‌ಟಿ, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರು ಇದ್ರ 35 ಪರ್ಸೆಂಟ್ ಸಬ್ಸಿಡಿ. ಹಳ್ಳ್ಯಾಗಿನವ್ರ ಸಲುವಾಗೇ ಮಾಡಿದ್ದು. ಓದಿದ್ರ ನಮ್ಮ ವೈನಿ ಸಲುವಾಗೇ ಮಾಡ್ಯಾರ ಅನಸ್ತೈತಿ. ಆದ್ರ ವಯಸ್ಸು ನೋಡ್ರಿ, 21ರಿಂದ 35, ವಿಶೇಷ ವರ್ಗಕ್ಕ 45. ವೈನಿಗೆ ಆಧಾರದಾಗ 47. ಆಧಾರದಾಗಿನ ಜನ್ಮ ತಾರೀಖು ಜನವರಿ 1, ನಮ್ಮ ಕಡೆ ಆ ವಯಸ್ಸಿನ ಅರ್ಧ ಮಂದೀದು ಜನವರಿ 1 ಇರ್ತೈತಿ, ಖರೇ ಯಾವಾಗ ಹುಟ್ಯಾರ ಅನ್ನೋದು ಅವ್ರ ಅವ್ವಗೂ ಮಳಿ ಲೆಕ್ಕದ ಮ್ಯಾಲ ಗೊತ್ತು. ಇರ್ಲಿ, ಕಾಗದದಾಗ 47 ಅಂದ್ರ 47. ನನ್ನ ಪ್ರಶ್ನೆ ಏನಂದ್ರ, 35ಕ್ಕ ಮನಷ್ಯಾನ ದುಡಿಮಿ ಮುಗಿತೈತೇನ್ರಿ? ನಮ್ಮಲ್ಲಿ ಹೆಣ್ಮಕ್ಕಳಿಗೆ ಮಕ್ಕಳು ದೊಡ್ಡವ್ರಾಗಿ ಅತ್ತಿ ಮಾವ ಹೋಗಿ ಸ್ವಲ್ಪ ಕೈ ಖಾಲಿ ಆಗೂದ 40 ದಾಟಿದ ಮ್ಯಾಲ. ಎಮ್ಮೆಲ್ಲೆ ಆಗಾಕ ಮ್ಯಾಲಿನ ವಯಸ್ಸು ಇಲ್ಲ, ರೊಟ್ಟಿ ಮಷಿನ್ ತಗೋಳಾಕ ಐತಿ.

ಆತು, ಕೇಂದ್ರದ್ದು ನೋಡೂಣು ಅಂತ ಪಿಎಂಇಜಿಪಿ, ಅಂದ್ರ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ತಗದೆ. 2008ರಿಂದ ನಡದೈತಿ ಅದು, ಹಿಂದಿನ ಪಿಎಂಆರ್‌ವೈ ಮತ್ತ ಆರ್‌ಇಜಿಪಿ ಅನ್ನೋ ಎರಡು ಸ್ವ ಉದ್ಯೋಗ ಯೋಜನೆ ಸೇರಿಸಿ ಮಾಡಿದ್ದು. 2022ರಾಗ ಪ್ರಾಜೆಕ್ಟ್ ಮಿತಿ ಏರಿಸ್ಯಾರ, ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ. ಇದರಾಗ 18 ದಾಟಿದ್ರ ಸಾಕು, ಮ್ಯಾಲಿನ ವಯಸ್ಸಿನ ಮಿತಿ ಇಲ್ಲ, ಆದಾಯದ ಮಿತಿನೂ ಇಲ್ಲ. ಹಳ್ಳ್ಯಾಗ ಹೆಣ್ಮಕ್ಕಳಿಗೆ 35 ಪರ್ಸೆಂಟ್, ಕೈಯಿಂದ ಹಾಕೋದು 5 ಪರ್ಸೆಂಟ್ ಅಷ್ಟ. ವೈನಿಗೆ ಹೇಳಿದೆ, ಇದು ಆಗ್ತೈತಿ ಅಂತ. ಪ್ರಾಜೆಕ್ಟ್ ರಿಪೋರ್ಟ್ ಮಾಡಿದ್ವಿ, ಕೊಟೇಶನ್ ತರಿಸಿದ್ವಿ, ಫೋಟೋ ಹಚ್ಚಿದ್ವಿ. ಜಿಲ್ಲಾ ಕೇಂದ್ರಕ್ಕ ಹೋದ್ವಿ, ಲೋಕಾಪುರ, ಕಲಾದಗಿ, ಗದ್ದನಕೇರಿ ಕ್ರಾಸ್ ಮ್ಯಾಲ ಹಾಸಿ ಬಸ್ಸಿನ್ಯಾಗ, ವೈನಿಗೆ ಶಕ್ತಿ ಟಿಕೆಟ್, ನಂಗ ರೊಕ್ಕದ ಟಿಕೆಟ್. ಅಲ್ಲಿ ಕುಂತಿದ್ದ ಸಾಹೇಬ್ರು ಒಳ್ಳೇವ್ರ ಇದ್ರು, ಚಲೋ ಮಾತಾಡಿಸಿದ್ರು, "ಏನ್ರೀ ಅಕ್ಕಾರ, ಮೊದಲಿಂದ ಮಾಡ್ತೀರೋ ಹೊಸದಾಗಿ ಮಾಡಾವ್ರೋ?" ಅಂದ್ರು. ವೈನಿ ಹೆಮ್ಮಿಯಿಂದ "11 ವರ್ಷ ಆತ್ರಿ ಸಾಹೇಬ್ರ, ಐದ ಮಂದಿ ನನ್ನ ಕೈಯಾಗ ಅದಾರ" ಅಂದ್ರು.

ಅಷ್ಟ, ಆ ಮಾತಿಗೆ ಫೈಲ್ ಮುಚ್ಚಿದ್ರು. ಹೊಸ ಘಟಕಕ್ಕ ಮಾತ್ರರೀ, ಚಾಲೂ ಇರೋದಕ್ಕ ಬರೂದಿಲ್ಲ. ಅವ್ರು ಸುಳ್ಳು ಹೇಳಿಲ್ಲ, ನಿಯಮದಾಗ ಹಂಗ ಐತಿ, ನಾ ಆಮ್ಯಾಲ ಓದಿ ನೋಡಿನಿ. ತಪ್ಪು ನಂದ, ಮೊದಲ ಪೂರ್ತಿ ಓದಬೇಕಿತ್ತು.

ಓದಿದಾಗ ಇನ್ನೊಂದು ಕಣ್ಣಿಗೆ ಬಿತ್ತು, ಅದನ್ನ ಓದಿ ನಗು ಬಂತೋ ಸಿಟ್ಟು ಬಂತೋ ನಂಗ ತಿಳಿಲಿಲ್ಲ. ಪಿಎಂಇಜಿಪಿದಾಗ ಎರಡನೇ ಸಾಲ ಅಂತ ಐತಿ, ಚಾಲೂ ಇರೋ ಘಟಕ ದೊಡ್ಡದು ಮಾಡಾಕ, ತಯಾರಿಕೆಗೆ 1 ಕೋಟಿ ತನಕ, 15 ಪರ್ಸೆಂಟ್ ಸಬ್ಸಿಡಿ. ಹಂಗಿದ್ರ ಇದಕ್ಕ ಹಾಕೂಣು ಅಂದ್ರ, ಅದು ಯಾರಿಗೆ ಅಂದ್ರ ಮೊದಲ ಪಿಎಂಇಜಿಪಿ, ಆರ್‌ಇಜಿಪಿ ಇಲ್ಲಾ ಮುದ್ರಾ ಸಾಲ ತಗೊಂಡು ತೀರಿಸಿದವ್ರಿಗೆ. ಅಂದ್ರ ಲೆಕ್ಕ ಹಾಕ್ರಿ. ಏನೂ ಚಾಲೂ ಮಾಡದವ್ರಿಗೆ ಕೊಡ್ತಾರ. ಸರಕಾರದ ಸಾಲ ತಗೊಂಡು ಚಾಲೂ ಮಾಡಿದವ್ರಿಗೆ ಮತ್ತೊಮ್ಮೆ ಕೊಡ್ತಾರ. ಯಾರ ಕಡೆನೂ ಕೈ ಒಡ್ಡದ ಬುಗುಡಿ ಒತ್ತಿ ಇಟ್ಟು ಚಾಲೂ ಮಾಡಿದವ್ರು ಮಾತ್ರ ಎರಡೂ ಕಡೆ ಅರ್ಹರಲ್ಲ. ಆ ಆಫೀಸಿನ ಗ್ವಾಡಿ ಮ್ಯಾಲ ಬಸವಣ್ಣನವ್ರ ಫೋಟೋ ಇತ್ತು, ಸಾಂಸ್ಕೃತಿಕ ನಾಯಕ ಅಂತ 2024ರಾಗ ಸರಕಾರ ಘೋಷಣೆ ಮಾಡಿದ ಮ್ಯಾಲ ಎಲ್ಲಾ ಆಫೀಸಿನ್ಯಾಗ ಹಾಕ್ಯಾರ. ಕೂಡಲಸಂಗಮ ಇರೋ ಜಿಲ್ಲಾದಾಗ ಆ ಫೋಟೋದ ಕೆಳಗ ಕುಂತು ನೀವು ಮೊದಲ ಕಾಯಕ ಮಾಡಾಕ ಹತ್ತೀರಿ, ಅದಕ್ಕ ಆಗೂದಿಲ್ಲ ಅನ್ನೋದು ಒಂಥರಾ ಆಗ್ತೈತ್ರಿ.

ಮೂರನೇದು ಉದ್ಯೋಗಿನಿ, ಮಹಿಳಾ ಅಭಿವೃದ್ಧಿ ನಿಗಮದ್ದು. 18ರಿಂದ 55 ವಯಸ್ಸು, 3 ಲಕ್ಷದ ತನಕ ಸಾಲ, ಎಸ್‌ಸಿ ಎಸ್‌ಟಿ ಹೆಣ್ಮಕ್ಕಳಿಗೆ ಸಾಲದ ಅರ್ಧ ಸಬ್ಸಿಡಿ, ಉಳಿದವ್ರಿಗೆ 30 ಪರ್ಸೆಂಟ್, ಅಂದ್ರ 90 ಸಾವಿರದ ತನಕ. ವಯಸ್ಸು ಸರಿ ಹೋತು. ಆದ್ರ ಮನಿತನದ ಆದಾಯ ವರ್ಷಕ್ಕ ಒಂದೂವರಿ ಲಕ್ಷದ ಒಳಗ ಇರಬೇಕು, ಎಸ್‌ಸಿ ಎಸ್‌ಟಿಗೆ 2 ಲಕ್ಷ. ವಿಧವೆಯರು ಅಂಗವಿಕಲರಿಗೆ ಆ ಮಿತಿ ಇಲ್ಲ, ಅದು ಚಲೋ ಮಾಡ್ಯಾರ. ಒಂದೂವರಿ ಲಕ್ಷ ಅಂದ್ರ ತಿಂಗಳಿಗೆ ಹನ್ನೆರಡೂವರಿ ಸಾವಿರ. ಗಂಡ ಹೆಂಡತಿ ಇಬ್ರೂ ಕೂಲಿಗೆ ಹೋದ್ರ ಅದನ್ನ ದಾಟ್ತೈತಿ ಈಗ.

ಇಲ್ಲಿ ನನ್ನ ಕೌಂಟರಿನ ಒಂದು ಗುಟ್ಟು ಹೇಳ್ತೀನಿ, ಯಾರೂ ಬ್ಯಾಸರ ಮಾಡ್ಕೋಬ್ಯಾಡ್ರಿ, ಎಲ್ಲಾ ಊರಾಗೂ ಇದ ನಡದೈತಿ. ಅರ್ಜಿ ಫೈಲಿನ್ಯಾಗ ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರ ಇರ್ತೈತಿ, ಅದರಾಗ ವರ್ಷದ ಆದಾಯ 1 ಲಕ್ಷವೋ 1 ಲಕ್ಷ 10 ಸಾವಿರವೋ ಇರ್ತೈತಿ, ಯಾಕಂದ್ರ 1 ಲಕ್ಷ 20 ಸಾವಿರ ದಾಟಿದ್ರ ಬಿಪಿಎಲ್ ಕಾರ್ಡಿಗೂ ಸಂಚಕಾರ. ಅದ ಫೈಲಿನ್ಯಾಗ ನಾಕ ಹಾಳಿ ಹಿಂದ ಪ್ರಾಜೆಕ್ಟ್ ರಿಪೋರ್ಟ್ ಇರ್ತೈತಿ, ಅದರಾಗ ತಿಂಗಳಿಗೆ ನಿವ್ವಳ ಲಾಭ 25 ಸಾವಿರ 30 ಸಾವಿರ ಅಂತ ತೋರಿಸಿರ್ತೀವಿ, ಯಾಕಂದ್ರ ಅಷ್ಟು ತೋರಿಸಲಿಲ್ಲ ಅಂದ್ರ ಕಂತು ಹೆಂಗ ಕಟ್ತೀರಿ ಅಂತ ಬ್ಯಾಂಕಿನ್ಯಾಗ ಕೇಳ್ತಾರ. ಒಂದ ಫೈಲಿನ್ಯಾಗ ಇಬ್ರು ವೈನಿ. ಒಬ್ರು ಅಗದೀ ಬಡವಿ, ಒಬ್ರು ಚಲೋ ಗಳಸಾವ್ರು. ತಹಶೀಲ್ದಾರ್ರಿಗೆ ಬಡವಿ ಬೇಕು, ಮ್ಯಾನೇಜರ್ರಿಗೆ ಸಾವಕಾರ್ತಿ ಬೇಕು. ಇಬ್ರನ್ನೂ ಟೈಪ್ ಮಾಡಾವ ನಾನು, ಹಾಳಿಗೆ ಹತ್ತು ರೂಪಾಯಿ.

ಮಂದಿ ಸುಳ್ಳು ಹೇಳ್ತಾರ ಅಂತ ಬೈಯೋದು ಸಸಾರ. ಆದ್ರ ಖರೇ ಹೇಳಿದ್ರ ಏನಾಗ್ತೈತಿ ಅನ್ನೋದೂ ನೋಡಬೇಕಲ್ರೀ. 2025ರ ಜುಲೈದಾಗ ಫೋನ್‌ಪೇ ಗೂಗಲ್‌ಪೇ ಲೆಕ್ಕ ಹಿಡದು ಸಣ್ಣ ವ್ಯಾಪಾರಸ್ಥರಿಗೆ ವಾಣಿಜ್ಯ ತೆರಿಗೆಯವ್ರ ನೋಟಿಸ್ ಬಂದ ಸುದ್ದಿ ನಿಮ್ಮ ಪೇಪರಿನ್ಯಾಗೂ ಬಂದಿತ್ತು. 40 ಲಕ್ಷ ದಾಟಿದವ್ರಿಗೆ ಅಂತ ಹೇಳಿದ್ರು ಖರೆ, ಆದ್ರ ನಮ್ಮೂರ ಬಜಾರದಾಗ ವರ್ಷಕ್ಕ ಮೂರು ಲಕ್ಷದ ವ್ಯಾಪಾರ ಇಲ್ಲದ ಕಾಯಿಪಲ್ಲೆ ಮಾರೋ ಅಜ್ಜಿ ಸೈತ ಕ್ಯೂಆರ್ ಕೋಡಿನ ಹಾಳಿ ಹರದು ಒಗದ್ಲು. ಎರಡು ವಾರ ಎಲ್ಲಾರೂ ರೊಕ್ಕನ ಕೊಡ್ರಿ ಅಂದ್ರು, ಚಿಲ್ಲರಿಗೆ ಎಲ್ಲಾರೂ ನನ್ನ ಅಂಗಡಿಗೆ ಬಂದ್ರು. ಗೃಹಲಕ್ಷ್ಮಿ ನಿಯಮದಾಗ ಯಜಮಾನಿ ಇಲ್ಲಾ ಗಂಡ ಜಿಎಸ್‌ಟಿ ರಿಟರ್ನ್ಸ್ ತುಂಬಾವ್ರಿದ್ರ 2000 ರೂಪಾಯಿ ಬರೂದಿಲ್ಲ. ಅದನ್ನ ಕೇಳಿದವ್ರು ಏನ್ ತಿಳಕೊಂಡಾರ ಅಂದ್ರ ಯಾವುದ ರಿಜಿಸ್ಟ್ರೇಶನ್ ಮಾಡಿಸಿದ್ರೂ ಗೃಹಲಕ್ಷ್ಮಿ ಹೋಗ್ತೈತಿ. ಸಣ್ಣ ಉದ್ಯಮ ಅಂತ ಹೆಸರು ಹಚ್ಚೋ ಉದ್ಯಮ್ ರಿಜಿಸ್ಟ್ರೇಶನ್ ಬ್ಯಾರೆ, ಜಿಎಸ್‌ಟಿ ಬ್ಯಾರೆ, ಉದ್ಯಮ್‌ಗೆ ಒಂದು ರೂಪಾಯಿ ಫೀ ಇಲ್ಲ, ಆಧಾರ, ಪ್ಯಾನ್ ಇದ್ರ ಸಾಕು, ಅದರಿಂದ ನಿಮ್ಮ ಕಾರ್ಡು ಹೋಗೂದಿಲ್ಲ ಅಂತ ನಾ ಬಾಯಿ ನೋಯೂ ತನಕ ಹೇಳ್ತೀನಿ. ಹೂಂ ಅಂತಾರ, ಎದ್ದು ಹೋಗ್ತಾರ, ವಾಪಸ್ ಬರೂದಿಲ್ಲ. ಅವ್ರದೇನು ತಪ್ಪು, ಕೈಯಾಗ ಬಂದ ಎರಡು ಸಾವಿರ ಖರೇದು, ಬರ್ತೈತಿ ಅನ್ನೋ ಸಬ್ಸಿಡಿ ಮೋಡದಾಗಿನ ಮಳಿ.

ಹಂಗ ನೋಡಿದ್ರ ಸಬ್ಸಿಡಿ ಅಂದ್ರ ಏನು ಅನ್ನೋದ ಯಾರಿಗೂ ಸರಿಯಾಗಿ ಹೇಳಿಲ್ಲ. ಮೂರು ಲಕ್ಷಕ್ಕ ಒಂದು ಲಕ್ಷ ಕೈಯಾಗ ಕೊಡ್ತಾರ ಅಂತ ತಿಳಕೊಂಡು ಬರ್ತಾರ. ಪಿಎಂಇಜಿಪಿದಾಗ ಆ ರೊಕ್ಕ ಬ್ಯಾಂಕಿನ್ಯಾಗ ಮೂರು ವರ್ಷ ಡಿಪಾಸಿಟ್ ಆಗಿ ಕುಂದರ್ತೈತಿ, ಅಷ್ಟು ದಿನ ಘಟಕ ನಡಸಿ ಕಂತು ಕಟ್ಟಿದ್ರ ಆಮ್ಯಾಲ ಸಾಲಕ್ಕ ಜಮಾ ಆಗ್ತೈತಿ. ಇದು ತಪ್ಪಲ್ಲ, ರೊಕ್ಕ ತಗೊಂಡು ಓಡಿ ಹೋಗಬಾರದು ಅಂತ ಮಾಡ್ಯಾರ. ಆದ್ರ ಇದನ್ನ ಯಾಂವರ ಏಜೆಂಟ್ ಹೇಳ್ತಾನೇನ್ರಿ? ಅಂವ ಹೇಳೋದು "ಅರ್ಧಾ ಮಾಫಿ, ನಂಗ ಹತ್ತು ಪರ್ಸೆಂಟ್ ಕೊಡ್ರಿ ಸಾಕು". ನಿಯಮ ಸರಳ ಇದ್ರ ಇಂಥಾವ್ರ ಅಂಗಡಿ ಬಂದ್ ಆಗ್ತಾವ.

ಈಗ ಹೊಸಾದು ಅನ್ನೋ ನಿಯಮದಿಂದ ಏನ್ ನಡದೈತಿ ಅಂತ ಹೇಳ್ತೀನಿ. ಹಳೇ ಘಟಕ ಇದ್ದವ್ರು ಏನ್ ಮಾಡ್ತಾರ ಅಂದ್ರ ಬೋರ್ಡ್ ಬದಲ ಮಾಡ್ತಾರ. ಹತ್ತು ವರ್ಷದಿಂದ ಗಂಡ ನಡಸಿದ ವೆಲ್ಡಿಂಗ್ ಅಂಗಡಿ ಒಂದು ರಾತ್ರಿಯಾಗ ಹೆಂಡತಿ ಹೆಸರಿನ ಫ್ಯಾಬ್ರಿಕೇಶನ್ ವರ್ಕ್ಸ್ ಆಗ್ತೈತಿ, ಪಾಪ ಆಕಿಗೆ ವೆಲ್ಡಿಂಗ್ ರಾಡ್ ಯಾವ ಕಡೆ ಹಿಡೀಬೇಕು ಅನ್ನೋದು ಗೊತ್ತಿರೂದಿಲ್ಲ, ಹೊಸ ಬೋರ್ಡಿನ ಮುಂದ ಸೆರಗು ಹೊತ್ಕೊಂಡು ನಿಂತು ಫೋಟೋ ಹೊಡಸ್ತಾಳ. ನಾ ಫೋಟೋ ಪ್ರಿಂಟ್ ಹಾಕಿ ಕೊಡ್ತೀನಿ. ಪಕ್ಕದೂರಾಗ ಒಬ್ರು ಹಿಟ್ಟಿನ ಗಿರಣಿಯವ್ರು ತಮ್ಮ ಅಳಿಯನ ಹೆಸರಿಲೆ ಮಾಡಿಸಿದ್ರು, ಈಗ ಅಳಿಯ ಗಿರಣಿ ನಂದ ಅಂತ ಕುಂತಾನ, ಮಗಳು ತವರಿಗೆ ಬಂದು ಆರು ತಿಂಗಳಾತು. ನಗಬ್ಯಾಡ್ರಿ, ಖರೇ ಆಗೇತಿ. ಸುಳ್ಳು ಹೇಳಾಕ ಬಂದವ್ರಿಗೆ ದಾರಿ ಸಿಗ್ತೈತಿ, "11 ವರ್ಷ ಆತ್ರಿ ಸಾಹೇಬ್ರ" ಅಂದವ್ರು ಹೊರಗ.

ವೈನಿಗೂ ಹಂಗ ಮಾಡೂಣು ಅಂತ ನಾನ ಹೇಳಿದ್ದೆ, ಮುಚ್ಚಿಡೂದಿಲ್ಲ. ನನ್ನ ಹೆಂಡತಿ ಹೆಸರಿಲೆ ಹಾಕಿ ಬಿಡೂಣು, ಆಕಿಗೆ 33, ರಾಜ್ಯದ್ದಕ್ಕೂ ನಡಿತೈತಿ ಅಂದೆ. ವೈನಿ ಏನೂ ಅನಲಿಲ್ಲ, ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ. ಮೂರನೇ ದಿನ "ಬಡದಾಕಿ ನಾನು, ಹೆಸರು ಅಕೀದಾ?" ಅಂದ್ರು. ಅಲ್ಲಿಗೆ ಆ ಮಾತು ಬಿಟ್ವಿ. ಮತ್ತ ಇನ್ನೊಂದು ತೊಡಕೂ ಇತ್ತು, ಒಂದು ಕುಟುಂಬಕ್ಕ ಒಬ್ರಿಗೆ ಮಾತ್ರ ಅಂತ ನಿಯಮ. ಪಿಎಂಇಜಿಪಿದಾಗ ಕುಟುಂಬ ಅಂದ್ರ ಗಂಡ ಹೆಂಡತಿ ಅಂತ ಸಾಫ್ ಬರದಾರ. ಆದ್ರ ಕೌಂಟರಿನ್ಯಾಗ ನೋಡೋದು ರೇಶನ್ ಕಾರ್ಡು. ನಮ್ಮಂಥಾ ಕೂಡಿದ ಮನಿತನದಾಗ ಒಂದ ಕಾರ್ಡಿನ್ಯಾಗ ಒಂಬತ್ತು ಮಂದಿ. ತಮ್ಮ ತಗೊಂಡ್ರ ಅಣ್ಣಗ ಇಲ್ಲ ಅಂತಾರ. ಕಾರ್ಡು ಬ್ಯಾರೆ ಮಾಡಿಸ್ಕೊಂಡು ಬರ್ರಿ ಅಂತಾರ, ಸರಕಾರನ ಮನಿ ಒಡಿ ಅಂದಂಗ ಆತು.

ಬರದ ನಿಯಮ ಒಂದು, ಕೌಂಟರಿನ ನಿಯಮ ಇನ್ನೊಂದು ಅನ್ನೋದಕ್ಕ ಮತ್ತೊಂದು ಹೇಳ್ತೀನಿ. ಎಂಟನೇತ್ತೆ ಪಾಸ್ ಸರ್ಟಿಫಿಕೇಟ್ ಇಲ್ಲ ಅಂತ ನಮ್ಮೂರ ಒಬ್ಬ ಹೆಣ್ಮಗಳ ಹೊಲಿಗಿ ಘಟಕದ ಅರ್ಜಿ ತಗೊಳಲಿಲ್ಲ. ಪಿಎಂಇಜಿಪಿದಾಗ ಎಂಟನೇತ್ತೆ ಬೇಕಾಗೂದು ತಯಾರಿಕೆ 10 ಲಕ್ಷ ದಾಟಿದ್ರ, ಸೇವೆ 5 ಲಕ್ಷ ದಾಟಿದ್ರ ಮಾತ್ರ. ಆಕಿದು ಎರಡು ಲಕ್ಷದ್ದು. ನಾ ನಿಯಮದ ಪ್ರಿಂಟ್ ತಗದು ಗೆರಿ ಹೊಡದು ಕೊಟ್ಟು ಕಳಿಸಿದೆ. ಅದು ಇಂಗ್ಲಿಷಿನ್ಯಾಗಿತ್ತು. ಅವತ್ತ ತಗೊಂಡ್ರು. ಆದ್ರ ನನ್ನಂಥಾವ ಇಲ್ಲದ ಊರಾಗ ಏನ್ ಗತಿ? ಹೆಂಗ ಇಲ್ಲ ಅಂದ್ರು, ಯಾಕ ಇಲ್ಲ ಅಂದ್ರು ಅನ್ನೋದು ಬರದು ಕೊಡೂದ ಇಲ್ಲ. ಬಾಯಿಲೆ ಇಲ್ಲ ಅಂತಾರ, ಬಾಯಿಲೆ ಟಾರ್ಗೆಟ್ ಮುಗದೈತಿ ಅಂತಾರ. ಬಾಯಿ ಮಾತಿನ ಮ್ಯಾಲ ಅಪೀಲು ಎಲ್ಲಿ ಹೋಗೋದ್ರಿ.

ಊರಿನ ಗಡಿದೂ ಒಂದು ತಮಾಷೆ. ಗ್ರಾಮ ಪಂಚಾಯ್ತಿ ಇದ್ರ ಗ್ರಾಮೀಣ, ಪಟ್ಟಣ ಪಂಚಾಯ್ತಿ ಇದ್ರ ನಗರ. ಹೆಣ್ಮಗಳಿಗೆ ಗ್ರಾಮೀಣದಾಗ 35, ನಗರದಾಗ 25 ಪರ್ಸೆಂಟ್. ನಮ್ಮ ಭಾಗದಾಗ ಎಷ್ಟೋ ದೊಡ್ಡ ಹಳ್ಳಿ ಪಟ್ಟಣ ಪಂಚಾಯ್ತಿ ಆಗ್ಯಾವ, ಬೋರ್ಡ್ ಬದಲಾಗೇತಿ, ಮನಿ ಕರ ಏರೇತಿ, ಉದ್ಯೋಗ ಖಾತ್ರಿ ಹೋಗೇತಿ, ಗಟಾರ ಮಾತ್ರ ಹಂಗ ಐತಿ. ಎಮ್ಮಿ ಅಲ್ಲೇ ಕಟ್ತಾರ, ಕಬ್ಬಿನ ಟ್ರ್ಯಾಕ್ಟರ್ ಅಲ್ಲೇ ಹಾದು ಹೋಗ್ತೈತಿ. ರಾಜ್ಯದ ಸಿಎಂಇಜಿಪಿ ಗ್ರಾಮೀಣಕ್ಕಂತ ಇರೋದ್ರಿಂದ ಅಲ್ಲಿಯವ್ರಿಗೆ ಅದೂ ತಪ್ತು. ಇದು ಸಣ್ಣದು, ಬಿಡ್ರಿ.

ಇದನ್ನೆಲ್ಲಾ ಓದಿ ಒಬ್ಬ ಬುದ್ಧಿವಂತ್ರು ಕೇಳಬಹುದು, ಚಾಲೂ ಇದ್ದವ್ರಿಗೂ ಕೊಡಾಕ ಹತ್ತಿದ್ರ ಮೊದಲ ದೊಡ್ಡ ಅಂಗಡಿಯವ್ರ ಎಲ್ಲಾ ಬಳಕೊಂಡು ಹೋಗ್ತಾರ, ಕೆಲಸ ಇಲ್ಲದ ಹುಡುಗ್ರಿಗೆ ಏನ್ ಉಳಿತೈತಿ ಅಂತ. ಒಪ್ಪುವಂಥಾ ಮಾತ. ನಾನೂ ಇದನ್ನ ಭಾಳ ಯೋಚನಿ ಮಾಡೀನಿ. ಆದ್ರ ದೊಡ್ಡವ್ರು ಸಣ್ಣವ್ರು ಅಂತ ತೂಗಾಕ ತಕ್ಕಡಿ ಬ್ಯಾರೆ ಬೇಕಾಗಿಲ್ಲ, ಕೆಲಸಕ್ಕ ಎಷ್ಟು ಮಂದಿ ಅದಾರ, ಮಷಿನಿನ ಬೆಲೆ ಎಷ್ಟು, ಮೊದಲ ಸಬ್ಸಿಡಿ ತಗೊಂಡಾರೋ ಇಲ್ಲೋ, ಈ ಮೂರು ನೋಡಿದ್ರ ಸಾಕು. ಹತ್ತು ಮಂದಿ ಒಳಗ ಕೆಲಸಗಾರರು ಇದ್ದು, ಇಲ್ಲಿ ತನಕ ಸರಕಾರದ ಸಬ್ಸಿಡಿ ಒಮ್ಮೆನೂ ತಗೊಂಡಿಲ್ಲ ಅಂದ್ರ ಅವ್ರಿಗೆ ಮಷಿನ್ ಖರೀದಿಗೆ ಕೊಡ್ರಿ. ಹೊಸಬ್ರ ಪಾಲು ಬ್ಯಾರೆ ಇಡ್ರಿ, ಹಳಬ್ರ ಪಾಲು ಬ್ಯಾರೆ ಇಡ್ರಿ. ವೈನಿಗೆ ಮಷಿನ್ ಬಂದ್ರ ಇನ್ನ ಮೂರು ಮಂದಿ ಹೆಣ್ಮಕ್ಕಳಿಗೆ ಕೆಲಸ ಸಿಗ್ತೈತಿ, ಅದು ಹೊಸ ಉದ್ಯೋಗ ಅಲ್ಲೇನ್ರಿ? ಹೊಸ ಘಟಕ ಮೂರು ವರ್ಷಕ್ಕ ಮುಚ್ಚಿ ಮಷಿನ್ ಗುಜರಿಗೆ ಹೋಗಿದ್ದನ್ನ ನಾ ನೋಡೀನಿ. 11 ವರ್ಷ ನಿಂತದ್ದು ಇನ್ನೊಂದು ಐದು ವರ್ಷ ನಿಲ್ತೈತಿ ಅಂತ ಹೇಳಾಕ ಜ್ಯೋತಿಷಿ ಬೇಕಾಗಿಲ್ಲ.

ಮತ್ತ ಇದು ಆಗದ ಕೆಲಸನೂ ಅಲ್ಲ. ಆಹಾರ ಸಂಸ್ಕರಣೆದು ಪಿಎಂಎಫ್‌ಎಂಇ ಅಂತ 2020ರಾಗ ಬಂತಲ್ಲ, ಅದರಾಗ ಚಾಲೂ ಇರೋ ಸಣ್ಣ ಘಟಕಕ್ಕೂ ಕೊಡ್ತಾರ. ಮೂಲ ಯೋಜನೆದು 35 ಪರ್ಸೆಂಟ್, ಅದರ ಮ್ಯಾಲ ನಮ್ಮ ರಾಜ್ಯ 15 ಸೇರಿಸಿ 50 ಪರ್ಸೆಂಟ್ ಮಾಡೇತಿ, 15 ಲಕ್ಷದ ತನಕ. ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ನಮ್ಮ ಬಾಗಲಕೋಟೆಗೆ ಉಳ್ಳಾಗಡ್ಡಿ, ಬೆಳಗಾವಿಗೆ ಬೆಲ್ಲ, ವಿಜಯಪುರಕ್ಕ ಲಿಂಬಿ ಹಚ್ಯಾರ, ಆದ್ರ ರೊಟ್ಟಿ ಚಟ್ನಿಯವ್ರಿಗೂ ಬಾಗಲು ತಗದೈತಿ. ಅರ್ಜಿ ಹಾಕಾಕ, ಬ್ಯಾಂಕಿಗೆ ಕಾಗದ ಮುಟ್ಟಸಾಕ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರ, ಅವ್ರಿಗೆ ನಾವು ರೊಕ್ಕ ಕೊಡೂ ಹಂಗಿಲ್ಲ. ಇದನ್ನ ನಾ ಹೊಗಳಾಕ ಬ್ಯಾಸರ ಇಲ್ಲ, ಮಾಡಿದವ್ರ ಹೊಟ್ಟಿ ತಣ್ಣಗಿರ್ಲಿ. ತಿನ್ನೋ ಸಾಮಾನು ಮಾಡಾವ್ರಿಗೆ ಆಗೋ ನಿಯಮ ಹೊಲಿಗಿಯವ್ರಿಗೆ, ಕಮ್ಮಾರ್ರಿಗೆ, ಬಡಿಗೇರಿಗೆ, ಬನಹಟ್ಟಿ ರಬಕವಿಯಾಗ ನಾಕ ಮಗ್ಗ ಇಟ್ಕೊಂಡು ಬಡದಾಡೋ ನೇಕಾರ್ರಿಗೆ ಯಾಕ ಆಗೂದಿಲ್ಲ? ರಾಜ್ಯದ ಸಿಎಂಇಜಿಪಿ ರಾಜ್ಯದ್ದ ಐತಿ, ಅದರ ವಯಸ್ಸು ಏರಸಾಕ, ಚಾಲೂ ಘಟಕಕ್ಕ ಬಾಗಲು ತಗಿಯಾಕ ಡೆಲ್ಲಿ ಕಡೆ ನೋಡೋದೇನಿಲ್ಲ. ಡಿಸೆಂಬರದಾಗ ಬೆಳಗಾವಿ ಸುವರ್ಣಸೌಧದಾಗ ಅಧಿವೇಶನ ಕೂಡ್ತೈತಿ, ಉತ್ತರ ಕರ್ನಾಟಕದ ಚರ್ಚೆ ಅಂತ ಒಂದೆರಡು ದಿನ ಇಡ್ತಾರ, ನಮ್ಮ ಭಾಗದ ಎಮ್ಮೆಲ್ಲೆಗಳು ಈ ಒಂದು ಸಾಲು ಓದಿ ಕುಂತ್ರ ಸಾಕು.

ಇನ್ನೆರಡು ಸಣ್ಣ ಕೆಲಸ ರೊಕ್ಕ ಇಲ್ಲದ ಆಗ್ತಾವ. ಅರ್ಜಿ ತಗೊಳ್ಳೂದಿಲ್ಲ ಅಂದ್ರ ಯಾವ ನಿಯಮದ ಮ್ಯಾಲ ಅಂತ ಒಂದು ಚೀಟಿ ಕನ್ನಡದಾಗ ಬರದು ಕೊಡಬೇಕು. 2011ರ ಸಕಾಲ ಕಾಯ್ದೆ ಐತಿ, ಇಷ್ಟು ದಿನದಾಗ ಕೆಲಸ ಆಗಬೇಕು ಅಂತ ಬೋರ್ಡ್ ಹಾಕ್ತಾರಲ್ಲ, ಆ ಚೀಟಿನೂ ಅದರಾಗ ತರ್ರಿ. ಇನ್ನೊಂದು ನಿಮಗ, ಸಂಪಾದಕರ. "ಅರ್ಹ ಆಸಕ್ತರು" ಅಂತ ಬರದು ಬಿಡಬ್ಯಾಡ್ರಿ. ವಯಸ್ಸು ಎಷ್ಟು, ಆದಾಯ ಎಷ್ಟು, ಹೊಸದೋ ಹಳೇದೋ, ಹಳ್ಳಿಗೋ ಪ್ಯಾಟಿಗೋ, ಕೈಯಿಂದ ಎಷ್ಟು ಹಾಕಬೇಕು, ಇಷ್ಟು ಐದ ಸಾಲು ಸೇರಿಸಿದ್ರ ಎಷ್ಟೋ ಮಂದೀದು ಬಸ್ ಚಾರ್ಜ್ ಉಳಿತೈತಿ. ಇಲಾಖೆಯವ್ರು ಕಳಿಸಿದ್ದ ಅಷ್ಟು ಅಂದ್ರ ತಿರುಗಿ ಕೇಳ್ರಿ, ನಾವು ಕೇಳಿದ್ರ ಹೇಳೂದಿಲ್ಲ, ನಿಮಗ ಹೇಳ್ತಾರ.

ವೈನೀದು ಎಲ್ಲಿಗೆ ಬಂತು ಅಂದ್ರ, ಪಿಎಂಎಫ್‌ಎಂಇ ಅರ್ಜಿ ಜಿಲ್ಲಾದಾಗ ಪಾಸ್ ಆಗಿ ಬ್ಯಾಂಕಿಗೆ ಹೋಗೇತಿ. ಬ್ಯಾಂಕಿನ್ಯಾಗ ಮನೀದು ಇ-ಸ್ವತ್ತು, ಅಂದ್ರ ಪಂಚಾಯ್ತಿಯ ಆಸ್ತಿ ಉತಾರಿ, ಕೇಳ್ಯಾರ. ಮನಿ ಇನ್ನೂ ನಮ್ಮ ಅಜ್ಜನ ಹೆಸರಿಲೆ ಐತಿ, ಅಜ್ಜ ತೀರಿ ಇಪ್ಪತ್ತು ವರ್ಷ ಆತು, ವಾರಸಾ ಹಾಕೋದಕ್ಕ ಬೆಳಗಾವಿಯಾಗಿರೋ ಕಾಕಾನ ಸಹಿ ಬೇಕು, ಕಾಕಾ ಇವತ್ತ ಬರ್ತೀನಿ ನಾಳೆ ಬರ್ತೀನಿ ಅನ್ನಾಕತ್ತಾನ. ಇದರಾಗ ಸರಕಾರದ್ದೇನೂ ತಪ್ಪಿಲ್ಲ, ನಮ್ಮದ. ಕೊಟೇಶನ್ ಮೂರನೇ ಸಲ ಹೊಸಾದು ಮಾಡಿಸೀನಿ, ಮಷಿನಿನ ರೇಟು ಅಷ್ಟರಾಗ ಹದಿನೆಂಟು ಸಾವಿರ ಏರೇತಿ. ವೈನಿಗೆ ಹೇಳಿದೆ. "ಹೂಂ, ಇವತ್ತ ನಾಕನೂರು ರೊಟ್ಟಿ ಐತಿ, ಆಮ್ಯಾಲ ಮಾತಾಡೂಣು" ಅಂದು ಕೈಗೆ ಬಟ್ಟಿ ಸುತ್ಕೊಂಡು ಪರಾತದ ಮುಂದ ಕುಂತ್ರು.

ಇಂತಿ ನಿಮ್ಮ ಓದುಗ,
ಆನ್‌ಲೈನ್ ಸೆಂಟರಿನಾಂವ
ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲಾ